ನಾನು ತೆಗೆದುಹಾಕಿದ ಹನ್ನೊಂದು ಮನೆಗಳು

2006ರ ಬೇಸಿಗೆಯಲ್ಲಿ ನಾನು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಸರ್ವೇ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ ಟೆಕ್ಸಸ್‌ಗೆ ಬಂದವಳು. ನನ್ನ ಗಂಡ ಡಾಕ್ಟರು. ಮನೆ ಮೆಕಿನ್ನಿಯಲ್ಲಿತ್ತು. ಅಷ್ಟು ಹೊತ್ತಿಗೆ ಹತ್ತು ವರ್ಷದಿಂದ ಜನರ ಬಾಗಿಲು ತಟ್ಟಿ ಪ್ರಶ್ನೆ ಕೇಳಿಸುವ, ಬಂದ ಉತ್ತರಗಳನ್ನು ಕೋಷ್ಟಕ ಮಾಡುವ ಕೆಲಸದಲ್ಲೇ ಇದ್ದೆ. ಆ ವರ್ಷ ನಮಗೆ ಒಪ್ಪಿಸಿದ ಕೆಲಸ ಹಸಿವನ್ನು ಅಳೆಯುವುದು.

ಹೀಗೆಂದರೆ ನಮ್ಮ ಕನ್ನಡದ ಗೆಳೆಯರು ನಗುತ್ತಿದ್ದರು. "ಅಮೆರಿಕದಲ್ಲಿ ಹಸಿವಾ? ಇಲ್ಲಿ ತೂಕ ಇಳಿಸೋಕೆ ತಾನೇ ಜನ ದುಡ್ಡು ಕೊಡೋದು?" ಎಂದು ಒಬ್ಬ ಇಂಜಿನಿಯರ್ ನಮ್ಮ ಮನೆಯ ಊಟದ ಮೇಜಿನಲ್ಲೇ ಕೇಳಿದ್ದರು. ಈ ದೇಶದ ಹಸಿವು ಎಲುಬು ಕಾಣುವ ಹಸಿವಲ್ಲ. ತಿಂಗಳ ಮೊದಲ ವಾರ ಎಲ್ಲರಂತೆ ಉಂಡು, ಕೊನೆಯ ವಾರ ಬ್ರೆಡ್ಡಿನ ಚೂರುಗಳನ್ನು ಎಣಿಸುವ ಹಸಿವು. ನೋಡಿದರೆ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು.

ಕೇಳುವುದಕ್ಕೆ ಒಂದು ಸಿದ್ಧ ಪ್ರಶ್ನಾವಳಿ ಇದೆ. ಮಕ್ಕಳಿರುವ ಮನೆಗೆ ಹದಿನೆಂಟು ಪ್ರಶ್ನೆ, ಮಕ್ಕಳಿಲ್ಲದ ಮನೆಗೆ ಹತ್ತು. ಕೊಳ್ಳಲು ಹಣ ಬರುವ ಮೊದಲೇ ಆಹಾರ ಮುಗಿದೀತೆಂದು ಚಿಂತಿಸಿದ್ದೀರಾ ಎಂಬಲ್ಲಿಂದ ಶುರುವಾಗಿ, ಒಂದು ಹೊತ್ತು ಬಿಟ್ಟಿದ್ದೀರಾ, ಹಸಿದರೂ ತಿನ್ನದೆ ಇದ್ದಿರಾ, ಮಕ್ಕಳು ದಿನವಿಡೀ ಉಪವಾಸವಿದ್ದರಾ ಎನ್ನುವವರೆಗೆ ಪ್ರಶ್ನೆಗಳು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಎಷ್ಟಕ್ಕೆ ಹೌದು ಎಂದರೆಂಬುದರ ಮೇಲೆ ಆ ಮನೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ನಿರ್ಧಾರವಾಗುತ್ತದೆ. ಇದು ಚೆನ್ನಾಗಿ ರೂಪಿಸಿದ ಅಳತೆಗೋಲು. ಅದರ ಬಗ್ಗೆ ನನಗೆ ಇಂದಿಗೂ ದೂರಿಲ್ಲ.

ನಮ್ಮ ಸರ್ವೇ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮತ್ತು ಅವುಗಳ ಸುತ್ತಲಿನ ಊರುಗಳಿಗೆ ಸಂಬಂಧಿಸಿದ್ದು. ಇಡೀ ರಾಜ್ಯದ ಸರಾಸರಿ ಎಲ್ಲರಿಗೂ ಗೊತ್ತಿತ್ತು. ಯಾವ ಬೀದಿಯಲ್ಲಿ ಹಸಿವಿದೆ ಎಂಬುದು ಗೊತ್ತಿರಲಿಲ್ಲ. ಧಾನ್ಯ, ಹಾಲು, ತರಕಾರಿ ತುಂಬಿಕೊಂಡು ವಾರಕ್ಕೊಮ್ಮೆ ಒಂದೊಂದು ಕಡೆ ನಿಂತು ಹಂಚುವ ಲಾರಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ನಮ್ಮ ನಕ್ಷೆ ನೋಡಿ ತೀರ್ಮಾನಿಸುವುದಾಗಿ ಹಣ ಕೊಟ್ಟ ದತ್ತಿಸಂಸ್ಥೆಯವರು ಹೇಳಿದ್ದರು. ಜನಗಣತಿಯವರು ಊರನ್ನು ಕೆಲವು ಸಾವಿರ ಜನರ ತುಂಡುಗಳಾಗಿ ವಿಂಗಡಿಸಿರುತ್ತಾರೆ. ಅದಕ್ಕೆ ಟ್ರ್ಯಾಕ್ಟ್ ಎನ್ನುತ್ತೇವೆ. ಪ್ರತಿ ಟ್ರ್ಯಾಕ್ಟಿನಲ್ಲಿ ಕನಿಷ್ಠ ಮೂವತ್ತು ಮನೆಗಳ ಸಂದರ್ಶನ ಪೂರ್ತಿಯಾಗಬೇಕು, ಒಂದು ಕಡಿಮೆಯಾದರೂ ಆ ಟ್ರ್ಯಾಕ್ಟಿನ ಅಂಕಿಯನ್ನು ಪ್ರತ್ಯೇಕವಾಗಿ ಪ್ರಕಟಿಸಬಾರದು ಎಂಬ ನಿಯಮವನ್ನು ಬರೆದವಳು ನಾನೇ.

ಆಸ್ಟಿನ್ ಭಾಗದ ಕೆಲಸಕ್ಕೆ ಅಲ್ಲಿನ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದವಾಗಿತ್ತು. ಅವರು ಕಳಿಸಿದ ವಿದ್ಯಾರ್ಥಿಗಳಲ್ಲಿ ಶಾಹೀನ್ ಒಬ್ಬಳು. ಬಿಜಾಪುರದವಳು, ನ್ಯೂಟ್ರಿಷನ್‌ನಲ್ಲಿ ಎಂಎಸ್ ಮಾಡುತ್ತಿದ್ದಳು. ತರಬೇತಿಯ ಮೊದಲ ದಿನ ನನ್ನ ಹೆಸರು ಕೇಳಿ ಹತ್ತಿರ ಬಂದು, "ಆಂಟಿ, ನೀವು ಕನ್ನಡದವರೇನ್ರಿ?" ಎಂದಿದ್ದಳು. ಅಲ್ಲಿಂದ ನಮ್ಮಿಬ್ಬರ ಮಾತು ಕನ್ನಡದಲ್ಲೇ. ಒಳ್ಳೆಯ ಸಂದರ್ಶಕಿ. ಪ್ರಶ್ನೆಯನ್ನು ಒಂದಕ್ಷರ ಬದಲಿಸದೆ ಓದುತ್ತಿದ್ದಳು. ಉತ್ತರ ಬರುವವರೆಗೆ ಸುಮ್ಮನೆ ಕಾಯುತ್ತಿದ್ದಳು. ಕಾಯುವುದನ್ನು ಕಲಿಸುವುದು ಕಷ್ಟ. ಅವಳಿಗೆ ಅದು ಬಂದೇ ಇತ್ತು.

ಅವಳ ಪಾಲಿಗೆ ಬಂದದ್ದು ಜಾರ್ಜ್‌ಟೌನ್‌ನ ಅಂಚಿನ ಒಂದು ಟ್ರ್ಯಾಕ್ಟಿನ ಅರ್ಧ ಭಾಗ. ಆ ಟ್ರ್ಯಾಕ್ಟಿನ ಒಂದು ಬದಿಗೆ ಹೊಸ ಬಡಾವಣೆ. ಕಲ್ಲಿನ ಮುಂಗಟ್ಟಿನ ಮನೆಗಳು, ಇನ್ನೂ ಬೇರು ಬಿಡದ ಹುಲ್ಲುಹಾಸು. ಅದರ ಹಿಂದೆ ರೈಲು ಹಳಿ ದಾಟಿದರೆ ಒಂದು ಟ್ರೈಲರ್ ಪಾರ್ಕ್, ಅಂದರೆ ಚಕ್ರದ ಮೇಲೆ ತಂದು ನಿಲ್ಲಿಸಿದ ತಗಡಿನ ಮನೆಗಳ ಎರಡು ಸಾಲು. ಬಡಾವಣೆಯಲ್ಲಿ ಬೇರೊಬ್ಬ ಸಂದರ್ಶಕ ಹತ್ತೊಂಬತ್ತು ಮನೆ ಮುಗಿಸಿದ. ಟ್ರೈಲರ್ ಪಾರ್ಕಿನಲ್ಲಿ ಶಾಹೀನ್ ಹನ್ನೊಂದು ಮುಗಿಸಿದಳು. ಒಟ್ಟು ಮೂವತ್ತು. ಅವಳ ಹನ್ನೊಂದು ಫಾರ್ಮುಗಳಲ್ಲಿ ಒಂಬತ್ತು ಅತ್ಯಂತ ಕೆಳಗಿನ ವರ್ಗಕ್ಕೆ ಬಿದ್ದಿದ್ದವು. ಶಾಲೆಗೆ ಬೇಸಿಗೆ ರಜೆ ಇತ್ತು, ಮಕ್ಕಳಿಗೆ ಅಲ್ಲಿ ಸಿಗುತ್ತಿದ್ದ ಮಧ್ಯಾಹ್ನದೂಟ ನಿಂತಿತ್ತು. ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ.

ಪ್ರತಿ ಹತ್ತು ಸಂದರ್ಶನಕ್ಕೆ ಒಂದನ್ನು ಮೇಲ್ವಿಚಾರಕರು ಮತ್ತೆ ಸಂಪರ್ಕಿಸಿ ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಫೋನಿನಲ್ಲಿ ಮುಗಿಯುವ ಕೆಲಸ. ಶಾಹೀನಳ ಹನ್ನೊಂದರಲ್ಲಿ ಆಯ್ಕೆಯಾದ ಮನೆಯಲ್ಲಿ ಫೋನ್ ಕಡಿತವಾಗಿತ್ತು. ಆಗಸ್ಟ್ ಮೂರನೇ ವಾರ ನಾನೇ ಕಾರು ತೆಗೆದುಕೊಂಡು ಹೋದೆ.

ಬಾಗಿಲು ತೆಗೆದವಳ ಹೆಸರು ರೂತ್. ಅರವತ್ತು ದಾಟಿದ ಬಿಳಿಯ ಹೆಂಗಸು. ಎರಡು ಮೊಮ್ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು. ಒಳಗೆ ಕೂರಿಸಿದಳು. ಕಿಟಕಿಯ ಏಸಿ ಕೆಟ್ಟಿತ್ತು. ಮೇಜಿನ ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. ಯಾರಾದರೂ ಬಂದಿದ್ದರಾ, ಎಷ್ಟು ಹೊತ್ತು ಇದ್ದರು, ಪ್ರಶ್ನೆ ಓದಿದರಾ ಎಂದು ನನ್ನ ಪಟ್ಟಿಯಂತೆ ಕೇಳುತ್ತಾ ಹೋದೆ. ಕೊನೆಯದು: ಸಂದರ್ಶನ ಮಾಡಿದವರು ನಿಮಗೆ ಏನಾದರೂ ಕೊಟ್ಟರಾ, ಕೊಡುತ್ತೇನೆಂದರಾ?

"ಹಾಲು, ಮೊಟ್ಟೆ, ಒಂದು ಚೀಲ ಅಕ್ಕಿ," ಎಂದಳು ರೂತ್. "ಬೇಡ ಅಂದೆ. ಪ್ರಶ್ನೆಯೆಲ್ಲ ಮುಗಿದ ಮೇಲೆ ಹೊರಗೆ ಹೋದಳು. ಆ ಬಿಸಿಲಲ್ಲಿ ಹೈವೇ ಪಕ್ಕದ ಪೆಟ್ರೋಲ್ ಬಂಕಿನ ಅಂಗಡಿವರೆಗೂ ನಡೆದು ತಂದಿದ್ದಾಳೆ. ಮೆಟ್ಟಿಲ ಮೇಲೆ ಇಟ್ಟು ಓಡಿಹೋಗುವುದರಲ್ಲಿದ್ದಳು. ನಾನು ಕೈ ಹಿಡಿದು ಒಳಗೆ ಕರೆದೆ. ಅವಳು ತಂದ ಮೊಟ್ಟೆಯನ್ನೇ ಅವಳಿಗೆ ಹುರಿದುಕೊಟ್ಟೆ." ಆಮೇಲೆ ಹೇಳಿದಳು: "ಎರಡು ದಿನದಿಂದ ಏನೂ ತಿನ್ನದವರ ಹಾಗೆ ತಿಂದಳು, ಮೇಡಂ. ಈ ಪ್ರಶ್ನೆಗಳನ್ನೆಲ್ಲ ಅವಳನ್ನು ಯಾರು ಕೇಳುತ್ತಾರೆ?"

ನಾನು 'ಏನಾದರೂ ಕೊಟ್ಟರಾ' ಎಂಬುದರ ಎದುರು 'ಹೌದು' ಎಂದು ಗುರುತು ಹಾಕಿದೆ. ಅವಳು ಹೇಳಿದ ಉಳಿದ ಮಾತನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಜಾಗವಿದ್ದರೂ ಬರೆಯುತ್ತಿದ್ದೆನೇ, ಗೊತ್ತಿಲ್ಲ.

"ಆ ಹುಡುಗಿಗೆ ಇದರಿಂದ ತೊಂದರೆ ಆಗುವುದಿಲ್ಲ ತಾನೇ?" ಎಂದು ಬಾಗಿಲಲ್ಲಿ ರೂತ್ ಕೇಳಿದಳು.

"ಇಲ್ಲ," ಎಂದೆ.

ಮರುದಿನ ಆಸ್ಟಿನ್‌ನಲ್ಲಿ ಶಾಹೀನಳನ್ನು ಕರೆಸಿದೆ. ವಿಶ್ವವಿದ್ಯಾಲಯದವರು ನಮಗೆ ಬಿಟ್ಟುಕೊಟ್ಟ ಕಿಟಕಿಯಿಲ್ಲದ ಕೋಣೆ. ಅವಳು ಬಂದ ಕೂಡಲೇ ವಿಷಯಕ್ಕೆ ಬಂದೆ.

"ಶಾಹೀನ್, ಸರ್ವೇ ಮಾಡಿದ ಮನೆಗಳಿಗೆ ಸಾಮಾನು ಕೊಟ್ಟಿದ್ದೀಯಾ?"

"ಕೊಟ್ಟೀನ್ರಿ ಆಂಟಿ. ಮೂರು ಮನಿಗೆ."

"ಕೊಡಬಾರದು ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದೆ."

"ಹೇಳಿದ್ರಿ. ಫಾರ್ಮ್ ತುಂಬಿಸಿದ ಮ್ಯಾಲೇ ಕೊಟ್ಟೀನ್ರಿ, ಮೊದಲ ಕೊಟ್ಟಿಲ್ಲ. ಉತ್ತರದಾಗ ಒಂದು ಅಕ್ಷರ ಬದಲ ಮಾಡಿಲ್ಲ."

"ಆ ಮನೆಯವರ ಉತ್ತರ ಬದಲಾಗಿರಲ್ಲ, ಒಪ್ಕೊಳ್ತೀನಿ. ಪಕ್ಕದ ಮನೆಯವರಿಗೆ ಗೊತ್ತಾಗಿರುತ್ತಲ್ಲ? ಈ ಹುಡುಗಿ ಬಂದ್ರೆ ಹಾಲು ಮೊಟ್ಟೆ ಸಿಗುತ್ತೆ ಅಂತ ಅವರು ಎಲ್ಲದಕ್ಕೂ ಹೌದು ಅಂದಿದ್ರೆ?"

ಅವಳು ಯೋಚಿಸಿದಳು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ಗೊತ್ತಾಗಿರಬಹುದ್ರಿ," ಎಂದಳು. ಆಮೇಲೆ ಮೇಜಿನ ಮೇಲೆ ಕೈಯೂರಿ, "ಆದ್ರ ಆಂಟಿ, ಹಸಿದವರ ಎದುರಿಗೆ ಕುಂತು ಹದಿನೆಂಟು ಪ್ರಶ್ನೆ ಕೇಳೋದು, ಥ್ಯಾಂಕ್ ಯೂ ಅಂದು ಎದ್ದು ಬರೋದು ನನ್ನ ಕೈಲೆ ಆಗಲಿಲ್ರಿ. ನಿಮಗ ಆಗತೈತೇನ್ರಿ?" ಎಂದು ಕೇಳಿದಳು.

ನನಗೆ ಆಗುತ್ತಿತ್ತು. ಹತ್ತು ವರ್ಷದಿಂದ ಆಗುತ್ತಲೇ ಇತ್ತು. ಆದರೆ ಅದನ್ನು ಅವಳಿಗೆ ಹೇಳಲಿಲ್ಲ. ಬದಲಿಗೆ, ಪ್ರಶ್ನೆ ಸರಿಯಾಗಿ ಕೇಳಿದರೆ ಒಂದು ಲಾರಿ ಬರುತ್ತದೆ, ಒಂದು ಚೀಲ ಅಕ್ಕಿಗಿಂತ ಅದು ದೊಡ್ಡದು ಎಂದೆ. ಈ ಮಾತನ್ನು ನಾನು ನಂಬಿಯೇ ಹೇಳಿದೆ.

"ಲಾರಿ ಯಾವಾಗ ಬರತೈತ್ರಿ?"

"ರಿಪೋರ್ಟ್ ಆದ್ಮೇಲೆ. ಮುಂದಿನ ವರ್ಷ."

ಅವಳು ಮೇಜಿನ ಮೇಲಿಂದ ಕೈ ತೆಗೆದಳು.

ಅಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಇದನ್ನೆಲ್ಲ ಹೇಳಿದೆ. ನಿಯಮ, ಕಲುಷಿತವಾದ ಮಾಹಿತಿ, ರೂತ್ ಹೇಳಿದ ಮಾತು, ನನ್ನ ಪೇಚು ಎಲ್ಲವನ್ನೂ. ಅವರು ಎಲ್ಲ ಕೇಳಿಸಿಕೊಂಡು, "ಆ ಹುಡುಗಿ ಯಾಕೆ ಎರಡು ದಿನ ಊಟ ಮಾಡಿರಲಿಲ್ಲ?" ಎಂದರು.

ನನಗೆ ಸಿಟ್ಟು ಬಂತು. ನಾನು ಹೇಳುತ್ತಿದ್ದದ್ದು ಅದಲ್ಲ. "ಕೇಳಲಿಲ್ಲ," ಎಂದೆ.

"ಕೇಳು," ಎಂದು ಅವರು ತಟ್ಟೆ ಎತ್ತಿಕೊಂಡು ಎದ್ದರು.

ನಾನು ಕೇಳಲಿಲ್ಲ. ಉತ್ತರ ಆಮೇಲೆ ಅವಳ ಪ್ರೊಫೆಸರ್‌ರಿಂದ ತಿಳಿಯಿತು. ಬೇಸಿಗೆ ಸಂಬಳ ತಡವಾಗಿ ಬರುತ್ತಿತ್ತು. ಅವಳ ಜೊತೆಗಿದ್ದ ಇಬ್ಬರು ರಜೆಗೆ ಊರಿಗೆ ಹೋಗಿದ್ದರಿಂದ ಮನೆ ಬಾಡಿಗೆ ಪೂರ್ತಿ ಅವಳ ಮೇಲೆ ಬಿದ್ದಿತ್ತು. ನಮ್ಮ ಕೆಲಸದ ವ್ಯಾನು ಬೆಳಿಗ್ಗೆ ಜಾರ್ಜ್‌ಟೌನ್‌ನಲ್ಲಿ ಇಳಿಸಿದರೆ ಸಂಜೆಯೇ ಕರೆದುಕೊಂಡು ಬರುತ್ತಿದ್ದದ್ದು. ಹಸಿವಿನ ಸರ್ವೇಗೆ ಕಳಿಸಿದವರಿಗೆ ಮಧ್ಯಾಹ್ನದ ಊಟ ಕಟ್ಟಿಕೊಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇನ್ನು ನಿರ್ಧಾರದ ವಿಷಯ. ನನ್ನ ಮೇಲಧಿಕಾರಿ ಗ್ರೆಗ್ ಒಳ್ಳೆಯ ಮನುಷ್ಯ, ಆದರೆ ಕಷ್ಟದ ಹೊತ್ತಿನಲ್ಲಿ ಪಕ್ಕಕ್ಕೆ ಸರಿಯುವವನು. "ಫೀಲ್ಡ್ ಕೆಲಸ ನಿನ್ನದು, ನಿರ್ಧಾರವೂ ನಿನ್ನದೇ," ಎಂದ. ಜೊತೆಗೆ ಒಂದು ಮಾತು ನೆನಪಿಸಿದ. ದತ್ತಿಸಂಸ್ಥೆಯ ಮಂಡಳಿಯಲ್ಲಿ ಒಬ್ಬ ಸದಸ್ಯರಿದ್ದರು. ಟೆಕ್ಸಸ್‌ನಲ್ಲಿ ಹಸಿವೆಂಬುದೇ ಇಲ್ಲ, ಇದೆಲ್ಲ ಹಣ ಕೇಳುವವರ ಕಟ್ಟುಕತೆ ಎಂದು ಸಭೆಯಲ್ಲೇ ಹೇಳಿದವರು. ಸರ್ವೇ ಮಾಡಿದವರೇ ಸಾಮಾನು ಹಂಚಿ ಹೌದು ಅನ್ನಿಸಿಕೊಂಡರು ಎಂಬುದು ಅವರ ಕಿವಿಗೆ ಬಿದ್ದರೆ ಮೂರು ನಗರಗಳ ಇಡೀ ವರದಿ ಕಸದ ಬುಟ್ಟಿಗೆ ಹೋಗುತ್ತದೆ ಎಂದು ನಾನು ಭಾವಿಸಿದೆ. ಸಾವಿರಾರು ಮನೆಗಳ ಮುಂದೆ ಹನ್ನೊಂದು ಮನೆ ಎಷ್ಟರದು?

ಹನ್ನೊಂದನ್ನೂ ತೆಗೆದುಹಾಕಿದೆ.

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ ಎರಡು ವಿಷಯಗಳಿವೆ. ಶಾಹೀನ್ ಮೊದಲ ಬಾರಿ ಸಾಮಾನು ಕೊಟ್ಟದ್ದು ಐದನೆಯ ಮನೆಗೆ, ರೂತಳಿಗೆ. ಅದಕ್ಕೂ ಮೊದಲಿನ ನಾಲ್ಕು ಸಂದರ್ಶನಗಳಿಗೆ ಯಾವ ಕಳಂಕವೂ ಇರಲಿಲ್ಲ. ಅವನ್ನು ಉಳಿಸಿಕೊಂಡರೂ ಮೂವತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಎರಡನೆಯದು, ಬೇರೊಬ್ಬರನ್ನು ಕಳಿಸಿ ಪಾರ್ಕಿನ ಬೇರೆ ಹನ್ನೊಂದು ಮನೆಗಳಲ್ಲಿ ಸಂದರ್ಶನ ಮಾಡಿಸಬಹುದಿತ್ತು. ಒಂದು ವಾರ ಗಡುವು ಹೆಚ್ಚಿಸಿ ಎಂದು ಕೇಳಬೇಕಿತ್ತು, ಅಷ್ಟೇ. ಕೇಳಿದರೆ ಕಾರಣ ಹೇಳಬೇಕಾಗುತ್ತಿತ್ತು. ನಾನು ಕೇಳಲಿಲ್ಲ.

ಶಾಹೀನಳನ್ನು ಕೆಲಸದಿಂದ ಬಿಡಿಸಿದ ಪತ್ರಕ್ಕೆ ಸಹಿ ಹಾಕಿದವಳೂ ನಾನೇ. ಆ ಕೆಲಸ ಹೋದರೆ ಅವಳ ಫೀಸಿನ ರಿಯಾಯಿತಿಯೂ ಹೋಗುತ್ತದೆಂದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಒಂದು ಫೋನ್ ಸಾಕಿತ್ತು. ಅವಳು ಡಿಸೆಂಬರಿನಲ್ಲಿ ಓದು ಅರ್ಧಕ್ಕೆ ಬಿಟ್ಟು ಬಿಜಾಪುರಕ್ಕೆ ಹೊರಟಿದ್ದಾಳೆ ಎಂಬ ಸುದ್ದಿ ಬಂದಾಗ ನಾನು ವಿಶ್ವವಿದ್ಯಾಲಯಕ್ಕೆ ಒಂದು ಉದ್ದದ ಪತ್ರ ಬರೆದೆ. ತಪ್ಪು ಸಣ್ಣದು, ಹುಡುಗಿ ಒಳ್ಳೆಯವಳು ಎಂದು. ಆ ಪತ್ರವನ್ನು ಆಗಸ್ಟಿನಲ್ಲಿ ಬರೆಯಬೇಕಿತ್ತು. ಅವಳು ಹೊರಡುವ ಮುನ್ನ ಫೋನ್ ಮಾಡಿದೆ. ಕ್ಷಮೆ ಕೇಳಲು ಎಂದುಕೊಂಡೇ ಮಾಡಿದ್ದು. ಟಿಕೆಟ್ ಸಿಕ್ಕಿತೇ, ಲಗೇಜ್ ಎಷ್ಟು ಎಂದು ಏನೇನೋ ಕೇಳಿದೆ. ಕೊನೆಗೆ ಅವಳೇ, "ಇರಲಿ ಬಿಡ್ರಿ ಆಂಟಿ. ನೀವು ನಿಮ್ಮ ಕೆಲಸ ಮಾಡಿದ್ರಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲವೆಲ್ಲ ವರದಿ ಬರೆದೆವು. ಮಧ್ಯದಲ್ಲಿ ಇನ್ನೊಂದು ಬದಲಾವಣೆ ಬಂತು. ಅತ್ಯಂತ ಕೆಳಗಿನ ವರ್ಗಕ್ಕೆ ಸರ್ಕಾರದ ವರದಿಗಳಲ್ಲಿ ಇದ್ದ ಹೆಸರಿನಲ್ಲಿ 'ಹಸಿವು' ಎಂಬ ಪದವಿತ್ತು. 2006ರ ಕೊನೆಗೆ ಆ ಹೆಸರು ಹೋಗಿ 'ಅತಿ ಕಡಿಮೆ ಆಹಾರ ಭದ್ರತೆ' ಎಂದಾಯಿತು. ಹಸಿವು ದೇಹದ ಅನುಭವ, ನಮ್ಮ ಪ್ರಶ್ನೆಗಳು ಅದನ್ನು ನೇರವಾಗಿ ಅಳೆಯುವುದಿಲ್ಲ ಎಂಬುದು ಕಾರಣ. ಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಹುರುಳಿತ್ತು. ನಾನೇ ಕಂಪ್ಯೂಟರಿನಲ್ಲಿ ಆ ಪದವನ್ನು ಹುಡುಕಿಸಿ, ಪುಟಪುಟದಲ್ಲೂ ಬದಲಾಯಿಸಿದೆ. ಕೆಲವೇ ಕ್ಷಣದಲ್ಲಿ ಮುಗಿಯಿತು.

ಹತ್ತೊಂಬತ್ತಕ್ಕೆ ಇಳಿದ ಆ ಟ್ರ್ಯಾಕ್ಟನ್ನು ನನ್ನದೇ ನಿಯಮದ ಪ್ರಕಾರ ಪಕ್ಕದ ಟ್ರ್ಯಾಕ್ಟಿಗೆ ಸೇರಿಸಿದೆವು. ಅದು ಪೂರ್ತಿ ಹೊಸ ಬಡಾವಣೆಗಳದ್ದು. ಎರಡೂ ಸೇರಿದ ಮೇಲೆ ನಕ್ಷೆಯಲ್ಲಿ ಆ ಜಾಗಕ್ಕೆ ತೀರಾ ತಿಳಿಯಾದ ಹಳದಿ ಬಂತು, ಅಂದರೆ ಚಿಂತೆಯಿಲ್ಲ. ಹನ್ನೊಂದು ಮನೆಗಳನ್ನು ಕೈಬಿಡಲಾಗಿದೆ, ಆ ಭಾಗದ ಸ್ಥಿತಿ ಬೇರೆ ಇರಬಹುದು ಎಂದು ಒಂದು ಅಡಿಟಿಪ್ಪಣಿ ಬರೆದಿದ್ದೆ. ಪುಟದಲ್ಲಿ ಜಾಗ ಸಾಲದೆ ವಿನ್ಯಾಸದವರು ಅದನ್ನು ತೆಗೆದರು. ಕರಡು ನನ್ನ ಕಣ್ಣಮುಂದೆ ಬಂದಾಗ ನೋಡಿದೆ, ಸುಮ್ಮನಾದೆ.

ವರದಿ ಬಿಡುಗಡೆಯಾದದ್ದು 2007ರ ವಸಂತದಲ್ಲಿ, ಡಲ್ಲಾಸ್‌ನ ಒಂದು ಹೋಟೆಲಿನಲ್ಲಿ. ವಿಧಾನದ ಬಗ್ಗೆ ಯಾರು ಏನು ಕೇಳಿದರೂ ಉತ್ತರಿಸಲು ಒಂದು ದಪ್ಪ ಕಡತ ಸಿದ್ಧಮಾಡಿಕೊಂಡಿದ್ದೆ. ಮುಖ್ಯವಾಗಿ ಆ ಮಂಡಳಿ ಸದಸ್ಯರಿಗಾಗಿ. ಅವರು ಬಂದರು, ಕಾಫಿ ಕುಡಿದರು, ನಕ್ಷೆ ಹಾಕಿದ ಗೋಡೆಯ ಹತ್ತಿರ ಹೋಗಿ, "ನಮ್ಮ ಊರು ಯಾವ ಬಣ್ಣ?" ಎಂದು ಕೇಳಿದರು. ತೋರಿಸಿದೆ. "ಸಂತೋಷ," ಎಂದು ಹೊರಟುಹೋದರು. ವರದಿಯ ಪ್ರತಿಯನ್ನು ಕುರ್ಚಿಯ ಮೇಲೆಯೇ ಬಿಟ್ಟುಹೋಗಿದ್ದರು. ಅಂದು ಇಡೀ ದಿನ ವಿಧಾನದ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಯಾರಿಗೆ ಹೆದರಿ ಆ ಹನ್ನೊಂದು ಮನೆಗಳನ್ನು ಅಳಿಸಿದೆನೋ ಅವರು ಓದಲೂ ಇಲ್ಲ.

ಲಾರಿಗಳು ಮಾತಿನಂತೆ ಬಂದವು. ಹ್ಯೂಸ್ಟನ್‌ನಲ್ಲಿ, ದಕ್ಷಿಣ ಡಲ್ಲಾಸ್‌ನಲ್ಲಿ, ಆಸ್ಟಿನ್‌ನ ಪೂರ್ವ ಭಾಗದಲ್ಲಿ ನಿಂತವು. ಅಲ್ಲಿ ನಿಂತ ಜನರ ಸಾಲುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ಜಾರ್ಜ್‌ಟೌನ್‌ನ ಆ ಹಳಿಯಾಚೆಗೆ ಯಾವುದೂ ಹೋಗಲಿಲ್ಲ.

ಆ ಬೇಸಿಗೆ ಆಸ್ಟಿನ್‌ನಿಂದ ಹಿಂದಿರುಗುವಾಗ ಹೆದ್ದಾರಿ ಬಿಟ್ಟು ಆ ಕಡೆ ತಿರುಗಿಸಿದೆ. ಹಿಂಬದಿ ಸೀಟಿನಲ್ಲಿ ಎರಡು ಚೀಲ ದಿನಸಿ ಇತ್ತು. ರೂತ್ ಗುರುತು ಹಿಡಿದಳು. ಇನ್ನಷ್ಟು ಇಳಿದುಹೋಗಿದ್ದಳು. ಚೀಲ ತೆಗೆದುಕೊಂಡಳು, ಈ ಸಲ ಬೇಡ ಎನ್ನಲಿಲ್ಲ.

"ನಿಮ್ಮ ಸರ್ವೇ ಏನಾಯಿತು?"

"ಇಲ್ಲಿಯದು ವರದಿಗೆ ಸೇರಲಿಲ್ಲ. ಮನೆಗಳ ಸಂಖ್ಯೆ ಸಾಲಲಿಲ್ಲ."

"ಎಷ್ಟು ಬೇಕಿತ್ತು?"

"ಮೂವತ್ತು."

ರೂತ್ ಎರಡು ಸಾಲು ಟ್ರೈಲರ್‌ಗಳ ಕಡೆ ನೋಡಿದಳು. "ಇಲ್ಲಿ ಇರುವುದೇ ಇಪ್ಪತ್ತಾರು," ಎಂದಳು. ವ್ಯಂಗ್ಯವಿರಲಿಲ್ಲ. ಇನ್ನೂ ನಾಲ್ಕು ಮನೆ ಇದ್ದಿದ್ದರೆ ಆಗುತ್ತಿತ್ತೇನೋ ಎಂದು ನಿಜವಾಗಿ ಲೆಕ್ಕ ಹಾಕುವವಳ ಹಾಗೆ ಹೇಳಿದಳು. ಶಾಹೀನ್ ಬಗ್ಗೆ ಕೇಳಿದಳು. ಊರಿಗೆ ಹೋದಳು ಎಂದೆ. ಓದು ಮುಗಿಯಿತೇ ಎಂದಳು. ಹೂಂ ಎಂದೆ. ರೂತಳಿಗೆ ನಾನು ಹೇಳಿದ ಎರಡನೆಯ ಸುಳ್ಳು ಅದು.

ಆಮೇಲೂ ನಾನು ಎಂಟು ವರ್ಷ ಅದೇ ಸಂಸ್ಥೆಯಲ್ಲಿ ದುಡಿದೆ. ಮೂವತ್ತರ ನಿಯಮ ಬದಲಾಗಲಿಲ್ಲ. ಅದು ತಪ್ಪು ನಿಯಮವೂ ಅಲ್ಲ, ಹತ್ತು ಮನೆ ನೋಡಿ ಊರಿನ ಬಗ್ಗೆ ಹೇಳಬಾರದು. ಆದರೆ ನಿಯಮ ಸರಿಯಿದೆ ಎಂಬುದರ ಹಿಂದೆ ನಿಂತುಕೊಂಡು ನನ್ನ ಅಂಜಿಕೆಯನ್ನು ಮುಚ್ಚಿಡಬಹುದು ಎಂದು ನನಗೆ ಗೊತ್ತಾದದ್ದು ಆ ವರ್ಷ. ಅಂಕಿಯನ್ನು ಶುದ್ಧವಾಗಿಡಬೇಕೆಂದು ತೆಗೆದುಹಾಕಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ, ಒಬ್ಬ ಮನುಷ್ಯ ಸಭೆಯಲ್ಲಿ ಎದ್ದುನಿಂತು ನನ್ನನ್ನು ಪ್ರಶ್ನಿಸಿಯಾನು ಎಂದು ತೆಗೆದುಹಾಕಿದೆ. ಇಂದು ಅಂಥದ್ದೇ ಸಂದರ್ಭ ಬಂದರೆ ನಡೆದದ್ದನ್ನು ನಡೆದ ಹಾಗೆ ಬರೆದು, ಮುಖಪುಟದಲ್ಲೇ ಹಾಕಿ, ಬೈಗುಳ ತಿನ್ನುತ್ತೇನೆ. ಹೀಗೆ ಹೇಳುವುದು ನಿವೃತ್ತಿಯಾದವರಿಗೆ ಸುಲಭ ಎಂಬುದೂ ನನಗೆ ಗೊತ್ತು.

ಒಂದನ್ನು ಮಾತ್ರ ಬದಲಿಸಿದೆ. ಮುಂದಿನ ಎಲ್ಲ ಸರ್ವೇಗಳಲ್ಲೂ ಸಂದರ್ಶಕರು ವ್ಯಾನು ಹತ್ತುವ ಮುನ್ನ ಪ್ರತಿಯೊಬ್ಬರ ಹತ್ತಿರ ಹೋಗಿ, ತಿಂಡಿ ಆಯಿತೇ, ಮಧ್ಯಾಹ್ನಕ್ಕೆ ಏನು ಕಟ್ಟಿಕೊಂಡಿದ್ದೀರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಆಯಿತು ಎನ್ನುತ್ತಿದ್ದರು. ಎಂಟು ವರ್ಷದಲ್ಲಿ ಮೂವರು ಇಲ್ಲ ಎಂದರು.